ಆಫೀಸ್ ಕೆಲಸದ ಪ್ರಯಾಣಕ್ಕೆ ಯಾವ ಪುಸ್ತಕ? ಪ್ರಬಂಧ, ಜೀವನಚರಿತ್ರೆ, ದಪ್ಪ ವಿಚಾರದ ಪುಸ್ತಕ: ಓದಿ ನೋಡಿದ ಹೋಲಿಕೆ

ಕೆಲಸದ ಮೇಲೆ ಊರೂರು ಸುತ್ತೋರಿಗೆ ಓದೋಕೆ ಟೈಮೇ ಸಿಗಲ್ಲ ಅಂತೇನಿಲ್ಲ, ಸಿಗುತ್ತೆ, ಆದ್ರೆ ಚೂರು ಚೂರಾಗಿ ಸಿಗುತ್ತೆ. ಬೋರ್ಡಿಂಗ್‌ಗೆ ಮುಂಚೆ ಇಪ್ಪತ್ತು ನಿಮಿಷ, ಮೀಟಿಂಗ್ ಲೇಟಾದ್ರೆ ರಿಸೆಪ್ಷನ್ ಸೋಫಾ ಮೇಲೆ ಹತ್ತು ನಿಮಿಷ, ರಾತ್ರಿ ರೂಮಿಗೆ ಬಂದ್ಮೇಲೆ ಕಣ್ಣು ಎಳೀತಾ ಇರೋವಾಗ ಅರ್ಧ ಗಂಟೆ. ಹಾಗಾಗಿ ಕಥೆ ಕಾದಂಬರಿ ಅಲ್ಲದ ಪುಸ್ತಕ ಬ್ಯಾಗಿಗೆ ಹಾಕ್ಕೊಳ್ಳೋವಾಗ ನಾನು ಮೊದ್ಲು ನೋಡೋದು ಒಂದೇ, ಮಧ್ಯದಲ್ಲಿ ಮುಚ್ಚಿಟ್ಟು ಮೂರು ದಿನ ಬಿಟ್ಟು ತೆಗೆದ್ರೂ ಬಿಟ್ಟಲ್ಲಿಂದ ಮತ್ತೆ ಹಿಡಿಯೋಕೆ ಆಗುತ್ತಾ ಇಲ್ವಾ. ಪುಸ್ತಕ ಒಳ್ಳೇದಾ ಕೆಟ್ಟದ್ದಾ ಅನ್ನೋದು ಆಮೇಲಿನ ಮಾತು.

ಈ ಪರೀಕ್ಷೇಲಿ ಎಲ್ಲಕ್ಕಿಂತ ಸೋಲೋದು ಒಂದೇ ದೊಡ್ಡ ವಾದವನ್ನ ನಾನೂರು ಪುಟ ಎಳ್ಕೊಂಡು ಹೋಗೋ ಪುಸ್ತಕಗಳು, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಮನುಷ್ಯಕುಲದ ಇತಿಹಾಸ ಇಂಥವು. ನನಗೆ ಇವು ತುಂಬಾ ಇಷ್ಟ, ಅದಕ್ಕೇ ಹೇಳ್ತಿದೀನಿ. ಎರಡನೇ ಅಧ್ಯಾಯದಲ್ಲಿ ಲೇಖಕರು ಒಂದು ಪದಕ್ಕೆ ತಮ್ಮದೇ ಅರ್ಥ ಕೊಟ್ಟಿರ್ತಾರೆ, ಐದನೇ ಅಧ್ಯಾಯದಲ್ಲಿ ಅದೇ ಅರ್ಥ ನಮಗೆ ನೆನಪಿದೆ ಅಂದ್ಕೊಂಡು ಮುಂದಿನ ಮಾತು ಕಟ್ತಾ ಹೋಗ್ತಾರೆ, ನಡುವೆ ನಮಗೆ ಎರಡು ಪ್ರೆಸೆಂಟೇಶನ್, ಒಂದು ಕ್ಲೈಂಟ್ ಜಗಳ, ಒಂದು ರಾತ್ರಿ ನಿದ್ದೆಗೆಟ್ಟ ಪ್ರಯಾಣ ಆಗಿಹೋಗಿರುತ್ತೆ. ಬುಕ್‌ಮಾರ್ಕ್ ಇಟ್ಟ ಪುಟ ತೆಗೆದ್ರೆ ವಾಕ್ಯ ಅರ್ಥ ಆಗುತ್ತೆ, ಅದನ್ನ ಯಾಕೆ ಹೇಳ್ತಿದಾರೆ ಅನ್ನೋದು ಗೊತ್ತಾಗಲ್ಲ, ಮತ್ತೆ ಮೂವತ್ತು ಪುಟ ಹಿಂದೆ ಹೋಗ್ಬೇಕು. ಪ್ರತಿ ಅಧ್ಯಾಯ ಮುಗಿದಾಗ ಕೊನೇ ಖಾಲಿ ಹಾಳೇಲಿ ಪೆನ್ಸಿಲ್‌ನಲ್ಲಿ ಎರಡೆರಡು ಸಾಲು ಸಾರಾಂಶ ಬರ್ದಿಟ್ಕೊಂಡ್ರೆ ಎಷ್ಟೋ ವಾಸಿ, ನಾನು ಹಾಗೇ ಮಾಡೋದು, ಆದ್ರೂ ಇಂಥ ಪುಸ್ತಕಕ್ಕೆ ಮನೇಲಿ ಒಂದು ಭಾನುವಾರ ಕೊಡೋದೇ ನ್ಯಾಯ.

ಜೀವನಚರಿತ್ರೆ ಇದಕ್ಕಿಂತ ಎಷ್ಟೋ ಮೇಲು. ಹುಟ್ಟು, ಓದು, ಮೊದಲ ಕೆಲಸ, ಮೊದಲ ಸೋಲು ಅಂತ ಕಾಲವೇ ಕೈ ಹಿಡಿದು ನಡೆಸುತ್ತೆ, ಎಲ್ಲಿ ನಿಂತಿದ್ವಿ ಅಂತ ಹುಡುಕೋದೇ ಬೇಡ. ಕಷ್ಟ ಇರೋದು ಬೇರೆ ಕಡೆ, ದೊಡ್ಡ ಜೀವನಚರಿತ್ರೆಗಳು ಏಳುನೂರು ಎಂಟುನೂರು ಪುಟ ಇರ್ತವೆ, ಮೊದಲ ಐವತ್ತು ಪುಟ ಅಜ್ಜ ಮುತ್ತಜ್ಜಂದಿರಿಗೇ ಹೋಗುತ್ತೆ, ಗಟ್ಟಿ ರಟ್ಟಿನ ಪ್ರತಿ ಆದ್ರೆ ಒಂದು ಕೆಜಿ ಹತ್ರ ತೂಗೋದೂ ಉಂಟು. ಕ್ಯಾಬಿನ್ ಬ್ಯಾಗಿಗೆ ಏಳೇ ಕೆಜಿ ಅನ್ನೋ ವಿಮಾನದಲ್ಲಿ ಲ್ಯಾಪ್‌ಟಾಪ್ ಜೊತೆ ಅದನ್ನೂ ಹೊರೋದು ಅಂದ್ರೆ ಯೋಚ್ನೆ ಮಾಡ್ಬೇಕಾಗುತ್ತೆ. ಆತ್ಮಕಥೆ ಸಾಮಾನ್ಯವಾಗಿ ಚಿಕ್ಕದು, ಒಂದೇ ದನಿ, ಹೆಸರುಗಳ ಜಾತ್ರೆ ಕಮ್ಮಿ. ಎರಡರಲ್ಲಿ ಪ್ರಯಾಣಕ್ಕೆ ನಾನು ಆತ್ಮಕಥೆ ಕಡೆಗೇ.

ಆದ್ರೆ ನನ್ನ ಮೊದಲ ಆಯ್ಕೆ ಪ್ರಬಂಧ ಸಂಕಲನ. ಇದರ ಸುಖ ಏನಂದ್ರೆ ಹತ್ತು ಹದಿನೈದು ಪುಟದಲ್ಲಿ ಒಂದು ವಿಷಯ ಶುರುವಾಗಿ, ಬೆಳೆದು, ಮುಗಿದೇ ಹೋಗುತ್ತೆ, "ಸರ್ ಬನ್ನಿ, ಕರೀತಿದಾರೆ" ಅಂದಾಗ ಪೂರ್ತಿ ಓದಿದ ಒಂದು ಪ್ರಬಂಧ ತಲೇಲಿ ಇಟ್ಕೊಂಡು ಎದ್ದು ಹೋಗ್ಬಹುದು, ಅರ್ಧಕ್ಕೆ ಬಿಟ್ಟ ಕಿರಿಕಿರಿ ಇರಲ್ಲ. ಮೀಟಿಂಗ್‌ನಲ್ಲಿ ಬೇರೆಯವರು ಮಾತಾಡ್ತಿರೋವಾಗ ಆ ಪ್ರಬಂಧದ ಒಂದು ಮಾತು ಒಳಗೊಳಗೇ ಓಡ್ತಾ ಇರುತ್ತೆ, ಅದು ನನಗೆ ಬಹಳ ಖುಷಿ ಕೊಡುತ್ತೆ. ಒಂದು ಹಿಡಿಸ್ಲಿಲ್ಲ ಅಂದ್ರೆ ಬಿಟ್ಟು ಮುಂದಿನದಕ್ಕೆ ಹೋದ್ರೆ ಏನೂ ನಷ್ಟ ಇಲ್ಲ. ಫ್ರಾನ್ಸಿನ ಲೇಖಕ ಮಾಂಟೇನ್ 1580ರಲ್ಲಿ ಪ್ರಬಂಧಗಳ ಮೊದಲ ಎರಡು ಸಂಪುಟ ಅಚ್ಚು ಹಾಕಿಸಿದಾಗಿಂದ ಈ ಸ್ವಾತಂತ್ರ್ಯ ಈ ಪ್ರಕಾರಕ್ಕೆ ಇದ್ದೇ ಇದೆ. ಒಂದು ಎಚ್ಚರಿಕೆ, ಪತ್ರಿಕೆ ಅಂಕಣಗಳನ್ನ ಹಾಗೇ ಎತ್ತಿ ಜೋಡಿಸಿದ ಪುಸ್ತಕ ಬೇರೆ, ಪ್ರಬಂಧ ಸಂಕಲನ ಬೇರೆ. ಅಂಕಣಗಳು ಎಲ್ಲಾ ಒಂದೇ ಅಳತೆ, ಆ ವಾರದ ಸುದ್ದಿ ಮರೆತುಹೋದ್ರೆ ಅರ್ಧ ರುಚಿ ಹೋಯ್ತು, ಸಾಲಾಗಿ ಆರು ಓದೋಷ್ಟರಲ್ಲಿ ಸಾಕಾಗಿಬಿಡುತ್ತೆ.

ಒಂದು ವಿಷಯದ ಬಗ್ಗೆ ಬುಡದಿಂದ ತಿಳ್ಕೋಬೇಕು, ಪುಸ್ತಕ ಮಾತ್ರ ಸಣ್ಣದಿರ್ಬೇಕು ಅನ್ನೋರಿಗೆ ಕಿರು ಪರಿಚಯದ ಮಾಲಿಕೆಗಳಿವೆ. ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ 1995ರಲ್ಲಿ ಶುರು ಮಾಡಿದ 'ವೆರಿ ಶಾರ್ಟ್ ಇಂಟ್ರೊಡಕ್ಷನ್ಸ್' ಕೋಟಿನ ಜೇಬಿಗೇ ಹೋಗುತ್ತೆ. ಹಾಗೆ ನೋಡಿದ್ರೆ ಪ್ರಯಾಣಿಕರಿಗೆ ಸಣ್ಣ ಪುಸ್ತಕ ಅನ್ನೋದು ಹಳೇ ಯೋಚನೆನೇ, ಪೆಂಗ್ವಿನ್ ಪ್ರಕಾಶನ 1935ರಲ್ಲಿ ಅಗ್ಗದ ಪೇಪರ್‌ಬ್ಯಾಕ್ ತಂದು, 1937ರಲ್ಲಿ ಪೆಲಿಕನ್ ಅಂತ ಕಾದಂಬರಿಯಲ್ಲದ ಪುಸ್ತಕಗಳಿಗೇ ಬೇರೆ ಸಾಲು ಮಾಡ್ತು. ಕಿರು ಪರಿಚಯಗಳ ತೊಂದರೆ ಅಂದ್ರೆ ವಿಪರೀತ ಗಟ್ಟಿ, ಬೆಳಿಗ್ಗೆ ತಲೆ ಚುರುಕಾಗಿದ್ದಾಗ ಓದಿದ್ರೆ ಸರಿ, ರಾತ್ರಿ ಹತ್ತಕ್ಕೆ ಎರಡು ಪುಟ ದಾಟಲ್ಲ.

ಮ್ಯಾನೇಜ್‌ಮೆಂಟ್ ಪುಸ್ತಕಗಳು: ಹಗಲೆಲ್ಲಾ ಅದೇ ಭಾಷೆ ಕೇಳಿರ್ತೀವಿ, ರಾತ್ರೀನೂ ಬೇಡ.

ಇನ್ನು ಕಾಗದವಾ ಸ್ಕ್ರೀನಾ ಅನ್ನೋದು. 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ 54 ಸಂಶೋಧನೆಗಳನ್ನ ಒಟ್ಟಿಗೆ ಸೇರಿಸಿ ನೋಡಿದ್ರು, ಮಾಹಿತಿ ಇರೋ ಬರಹ ಓದೋವಾಗ, ಅದರಲ್ಲೂ ಟೈಮ್ ಒತ್ತಡ ಇದ್ದಾಗ, ಕಾಗದದಲ್ಲಿ ಓದಿದೋರಿಗೆ ಹೆಚ್ಚು ಅರ್ಥ ಆಗುತ್ತೆ, ಬರೀ ಕಥನ ಓದೋವಾಗ ಅಂಥ ವ್ಯತ್ಯಾಸ ಕಾಣಲ್ಲ ಅಂತ ಬಂತು. ನನ್ನ ಅನುಭವಕ್ಕೂ ಇದು ಸರಿಯಾಗಿ ಹೊಂದುತ್ತೆ. ಜೀವನಚರಿತ್ರೆ ಇ-ರೀಡರ್‌ನಲ್ಲಿ ಆರಾಮ, ಒಂದು ಕೆಜಿ ಪುಸ್ತಕ ಇನ್ನೂರು ಗ್ರಾಂ ಆಸುಪಾಸಿನ ಯಂತ್ರದೊಳಗೆ ಹೋಗುತ್ತೆ, "ಈ ಮನುಷ್ಯ ಯಾರಪ್ಪಾ" ಅಂತ ಅನ್ಸಿದ್ರೆ ಹೆಸರು ಹುಡುಕಿ ಅವನು ಮೊದಲು ಬಂದ ಜಾಗಕ್ಕೇ ಹೋಗ್ಬಹುದು. ಪ್ರಬಂಧ, ಕಿರು ಪರಿಚಯ ಕಾಗದದಲ್ಲೇ ಚೆಂದ. ನಕ್ಷೆ, ಚಾರ್ಟ್ ಇರೋ ಪುಸ್ತಕ, ಸ್ಕ್ಯಾನ್ ಮಾಡಿದ ಪಿಡಿಎಫ್ ಇವೆರಡಕ್ಕೂ ಆರಿಂಚಿನ ಸ್ಕ್ರೀನ್ ಸಾಲಲ್ಲ, ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತೆ. ಟೇಕಾಫ್ ಹೊತ್ತಲ್ಲಿ ಕಾಗದದ ಪುಸ್ತಕ ಮಾತ್ರ ಓದ್ಬಹುದು ಅನ್ನೋ ಕಾಲ ಹೋಯ್ತು, 2013ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ, ಇ-ರೀಡರ್ ಏರೋಪ್ಲೇನ್ ಮೋಡ್‌ನಲ್ಲಿದ್ರೆ ಸಾಕು ಅಂತ ದಾರಿ ಬಿಡ್ತು, ಬೇರೆ ದೇಶಗಳೂ ಹಿಂದೆನೇ ಬಂದ್ವು. ಫೋನ್‌ನಲ್ಲಿ ಓದೋದು ನಾನಂತೂ ಬೇಡ ಅಂತೀನಿ, ಅದೇ ಸ್ಕ್ರೀನಲ್ಲಿ ಆಫೀಸ್ ಮೆಸೇಜ್ ಇಣುಕ್ತಾ ಇರುತ್ತೆ.

ಆಡಿಯೋ ಪುಸ್ತಕ ಸ್ವಲ್ಪ ಬೇರೆ ಲೆಕ್ಕ. ಇಂಗ್ಲಿಷಲ್ಲಿ ಕಥೆ ಕಾದಂಬರಿ ಅಲ್ಲದ ಪುಸ್ತಕಗಳನ್ನ ಮನಸ್ಸಲ್ಲೇ ಓದೋ ಸರಾಸರಿ ವೇಗ ನಿಮಿಷಕ್ಕೆ 238 ಪದ ಅಂತ 2019ರ ಒಂದು ಅಧ್ಯಯನ ಹೇಳುತ್ತೆ, ಆಡಿಯೋದಲ್ಲಿ ಓದಿ ಹೇಳೋರು ಸುಮಾರು 150ರ ಆಸುಪಾಸು, ಅಂದ್ರೆ ಲಕ್ಷ ಪದದ ಪುಸ್ತಕ ಓದಿದ್ರೆ ಏಳು ಗಂಟೆ, ಕೇಳಿದ್ರೆ ಹನ್ನೊಂದು. ಆದ್ರೆ ಆ ಹನ್ನೊಂದು ಗಂಟೆ ಬರೋದು ಟ್ಯಾಕ್ಸಿಯಿಂದ, ಬ್ಯಾಗೇಜ್ ಬೆಲ್ಟ್ ಮುಂದೆ ನಿಲ್ಲೋದ್ರಿಂದ, ಹೇಗೂ ಓದೋಕೆ ಆಗದ ಹೊತ್ತಿಂದ. ಲೇಖಕರೇ ಓದಿರೋ ಆತ್ಮಕಥೆ ಸಿಕ್ರೆ ಬಿಡ್ಲೇಬೇಡಿ. ಎಲ್ಲಿ ಉಸಿರು ತಗೊಂಡ್ರು, ತಾಯಿ ಹೆಸರು ಹೇಳೋವಾಗ ದನಿ ಎಲ್ಲಿ ಇಳೀತು ಅನ್ನೋದೆಲ್ಲಾ ಕೇಳುತ್ತೆ, ಅಚ್ಚಿನ ಪುಟ ಅದನ್ನ ಕೊಡಲ್ಲ. ಇಸವಿ, ಅಂಕಿ ಅಂಶ ತುಂಬಿರೋ ಪುಸ್ತಕ ಮಾತ್ರ ಕೇಳೋಕೆ ಹೋಗ್ಬೇಡಿ, ಟ್ಯಾಕ್ಸಿ ಇಳಿಯೋಷ್ಟರಲ್ಲಿ ಒಂದೂ ನೆನಪಿರಲ್ಲ.