ವೀಲ್ ಆರ್ಚ್ ಲೈನರ್ ಬಿಚ್ಚುವ ಕ್ಲಿಪ್ ಟೂಲ್ ಸೆಟ್: ಟೂಲ್‌ಗೆ ಪೂರ್ತಿ ಅಂಕ, ಕ್ಲಿಪ್ ಡಬ್ಬಿಗೆ ಅರ್ಧ

ಒಂದು ಕ್ಲಿಪ್ ಪ್ಲೈಯರ್, ತುದಿ ಇಬ್ಭಾಗವಾದ ಲೋಹದ ಮೀಟುಗೋಲು, ನಾಲ್ಕೈದು ನೈಲಾನ್ ಪಟ್ಟಿ, ಜೊತೆಗೆ ಒಂದು ಡಬ್ಬಿ ಬದಲಿ ಕ್ಲಿಪ್. ಹತ್ತಾರು ಹೆಸರಿನಲ್ಲಿ ಸಿಗುವ ಈ ಸೆಟ್ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ಥರ ಇರುತ್ತದೆ. ಕಾರಿನ ಚಕ್ರದ ಮೇಲಿನ ಕಮಾನಿಗೆ (ವೀಲ್ ಆರ್ಚ್) ಒಳಗಿನಿಂದ ಹೊದಿಸಿರುವ ಪ್ಲಾಸ್ಟಿಕ್ ಅಥವಾ ಫೆಲ್ಟ್ ಹೊದಿಕೆಯೇ ಲೈನರ್. ಅದನ್ನು ಕಳಚಿ ಒಳಗಿನ ಮಣ್ಣು ತೆಗೆಯುವ ಕೆಲಸದಲ್ಲಿ ಇದರ ಯಾವ ತುಂಡು ನಿಜಕ್ಕೂ ಕೈಗೆ ಬರುತ್ತದೆ ಎನ್ನುವುದನ್ನು ಇಲ್ಲಿ ನೋಡೋಣ.

ಮೊದಲು, ಲೈನರ್ ಯಾಕೆ ಬಿಚ್ಚಬೇಕು? ಹೊರಗಿನಿಂದ ಎಷ್ಟೇ ಜೋರಾಗಿ ನೀರು ಹೊಡೆದರೂ ಅದರ ಹಿಂದಿನ ಮಣ್ಣು ಅಲ್ಲಾಡುವುದಿಲ್ಲ. ಮುಂದಿನ ಚಕ್ರದ ಹಿಂಬದಿಗೆ, ಫೆಂಡರ್ (ಚಕ್ರದ ಮೇಲಿನ ಬಾಡಿ ತಗಡು) ಕೆಳಗಿಳಿದು ಸಿಲ್‌ಗೆ (ಬಾಗಿಲ ಕೆಳಗಿನ ಉದ್ದನೆಯ ಬಾಡಿ ಭಾಗ) ಸೇರುವ ಮೂಲೆ ಇದೆಯಲ್ಲ, ಎಲ್ಲವೂ ಅಲ್ಲಿಗೇ ಬಂದು ಕೂರುತ್ತದೆ. ವೈಪರ್ ಕೆಳಗಿನ ತಟ್ಟೆಯಿಂದ ಜಾರಿದ ಎಲೆ, ಟೈರ್ ಎರಚಿದ ಕೆಸರು, ಸಣ್ಣ ಜಲ್ಲಿ ಸೇರಿ ಒದ್ದೆ ಮುದ್ದೆಯಾಗಿ ನೀರು ಇಳಿಯುವ ತೂತನ್ನು ಮುಚ್ಚುತ್ತವೆ. ಹೊರಗೆಲ್ಲ ಒಣಗಿದ ಮೇಲೂ ಈ ಮೂಲೆ ವಾರಗಟ್ಟಲೆ ತೇವವಾಗಿರುತ್ತದೆ. ಫೆಂಡರ್‌ನ ಕೆಳಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿದ್ದು ಕಂಡಿತೆಂದರೆ ತುಕ್ಕು ಒಳಗಿನಿಂದ ತಿಂದುಕೊಂಡು ಹೊರಗೆ ಬಂದಿದೆ ಎಂದೇ ತಿಳಿಯಿರಿ.

ಸೆಟ್‌ನಲ್ಲಿ ಹೆಚ್ಚು ದುಡಿಯುವುದು ಪ್ಲೈಯರ್ ಅಲ್ಲ, ಆ ಇಬ್ಭಾಗದ ತುದಿಯ ಮೀಟುಗೋಲು. ಲೈನರ್‌ನಲ್ಲಿ ಸಾಮಾನ್ಯವಾಗಿ ಇರುವುದು ಎರಡು ತುಂಡಿನ ಪುಶ್ ಕ್ಲಿಪ್: ನಡುವೆ ಪಿನ್, ಸುತ್ತ ಕಾಲುಗಳ ಕವಚ. ಪಿನ್‌ನ ತಲೆಯನ್ನು ಮಾತ್ರ ಮೊದಲು ಎಬ್ಬಿಸಬೇಕು. ಪಿನ್ ಮೇಲೆ ಬಂದ ಮೇಲಷ್ಟೇ ಕವಚವನ್ನು ಮೀಟಬೇಕು. ಎರಡನ್ನೂ ಒಟ್ಟಿಗೆ ಎಳೆದರೆ ಕಾಲು ಮುರಿಯುತ್ತದೆ, ಇಲ್ಲವೇ ಲೈನರ್‌ನ ತೂತೇ ಹರಿಯುತ್ತದೆ. ಪ್ಲೈಯರ್ ಈ ಕೆಲಸವನ್ನು ಒಂದೇ ಹಿಡಿತದಲ್ಲಿ ಮಾಡುತ್ತದೆ ನಿಜ, ಆದರೆ ಅದರ ಬಾಯಿ ದಪ್ಪ. ತಲೆ ಲೈನರ್‌ಗೆ ಅಂಟಿಕೊಂಡಂತೆ ಕೂತಿದ್ದರೆ ಒಳಗೆ ನುಗ್ಗುವುದೇ ಇಲ್ಲ. ಚಕ್ರ ಬಿಚ್ಚದೆ ಕೆಲಸ ಮಾಡುವವರಿಗಂತೂ ಅದನ್ನು ತಿರುಗಿಸಲು ಜಾಗ ಸಿಗದು. ನೈಲಾನ್ ಪಟ್ಟಿಗಳು ಬಂಪರ್ ಅಂಚಿನಲ್ಲಿ ಬಣ್ಣ ಗೀಚದಂತೆ ಮೀಟುವುದಕ್ಕೆ ಒಳ್ಳೆಯವು. ಬಿಗಿಯಾದ ಕ್ಲಿಪ್‌ಗೆ ಹಾಕಿದರೆ ತುದಿ ಮಡಚಿಕೊಳ್ಳುತ್ತದೆ.

ಯಾವ ಟೂಲ್ ಹಿಡಿದರೂ ಮೊದಲು ಹಳೆಯ ಟೂತ್‌ಬ್ರಷ್‌ನಿಂದ ಪಿನ್ ಸುತ್ತ ಉಜ್ಜಿ ನೀರು ಬಿಡಿ. ಪಿನ್ ಏಳದೆ ಹಟ ಹಿಡಿಯುವುದಕ್ಕೆ ಮುಕ್ಕಾಲು ಪಾಲು ಕಾರಣ ಸಂದಿಯಲ್ಲಿ ಸಿಕ್ಕಿದ ಮರಳು. ಪಿನ್‌ಗೆ ಸ್ಕ್ರೂ ತಲೆ ಇರುವ ಜಾತಿಯಲ್ಲಿ ಸ್ಕ್ರೂಡ್ರೈವರ್ ತಿರುಗಿಸಿದಂತೆ ಇಡೀ ಕ್ಲಿಪ್ಪೇ ಸುತ್ತುವುದುಂಟು. ಆಗ ಮೀಟುಗೋಲನ್ನು ಪಿನ್‌ನ ತಲೆಯಡಿ ಇಟ್ಟು ಹಗುರವಾಗಿ ಎತ್ತುತ್ತಲೇ ತಿರುಗಿಸಿ, ಪಿನ್‌ನ ಸ್ಕ್ರೂ ಗೆರೆ ಕಚ್ಚಿಕೊಂಡು ಮೇಲೆ ಬರುತ್ತದೆ. ಇನ್ನೊಂದು ಜಾತಿಯಲ್ಲಿ ಪಿನ್ನನ್ನು ಒಳಕ್ಕೆ ಒತ್ತಬೇಕು. ಎರಡು ಮೂರು ಮಿ.ಮೀ. ಸಾಕು. ಹೆಚ್ಚು ಒತ್ತಿದರೆ ಪಿನ್ ಲೈನರ್ ಹಿಂದಕ್ಕೆ ಬಿದ್ದುಹೋಗುತ್ತದೆ.

ಇನ್ನು ಕ್ಲಿಪ್ ಡಬ್ಬಿ. ನೂರಾರು ಕ್ಲಿಪ್ ಎಂದು ಬರೆದಿರುತ್ತಾರೆ, ನಿಮ್ಮ ಕಾರಿಗೆ ಹೊಂದುವುದು ಅದರಲ್ಲಿ ಒಂದೆರಡು ಖಾನೆಯವು. ಹಳೆಯ ಕ್ಲಿಪ್ಪನ್ನು ಅಳೆದು ಅಳತೆ ಹಿಡಿಯಬೇಡಿ, ಅದರ ಕಾಲು ಆಗಲೇ ಅಗಲವಾಗಿರುತ್ತದೆ. ತೂತನ್ನು ಅಳೆಯಿರಿ: ಡ್ರಿಲ್ ಬಿಟ್‌ನ ಹಿಂಭಾಗವನ್ನು ಒಂದೊಂದಾಗಿ ತೂರಿಸಿ ನೋಡಿ, ಅಲ್ಲಾಡದೆ ಜಾರಿ ಹೋಗುವ ಬಿಟ್‌ನ ಅಳತೆಯೇ ತೂತಿನ ಅಳತೆ. 6ರಿಂದ 10 ಮಿ.ಮೀ. ಒಳಗೆ ಬಹುಪಾಲು ಸಿಕ್ಕೇ ಸಿಗುತ್ತದೆ. ತಲೆಯ ಅಗಲವನ್ನೂ ಕಾಲಿನ ಉದ್ದವನ್ನೂ ಹೋಲಿಸಿ ನೋಡಿ. ಕಾಲು ಗಿಡ್ಡವಾದರೆ ಲೈನರ್, ಬಂಪರ್, ಬಾಡಿ ಈ ಮೂರು ಪದರ ದಾಟಿ ಕಚ್ಚಿಕೊಳ್ಳದು. ಗುಣಮಟ್ಟ ನೋಡಲು ಪಿನ್ನನ್ನು ನಾಲ್ಕೈದು ಸಲ ಒತ್ತಿ ಎಳೆಯಿರಿ. ಕಾಲಿನ ಬುಡ ಬೆಳ್ಳಗಾದರೆ ಆ ಕ್ಲಿಪ್ ಮುಂದಿನ ಸಲಕ್ಕೆ ಉಳಿಯುವುದಿಲ್ಲ. ಡಬ್ಬಿಗೆ ನಾವು ಅರ್ಧ ಅಂಕವಷ್ಟೇ ಕೊಟ್ಟಿದ್ದು ಇದಕ್ಕೇ. ಅಳತೆ ಗೊತ್ತಾದ ಮೇಲೆ ಕಾರು ಕಂಪನಿಯದೇ ಹತ್ತು ಕ್ಲಿಪ್ ತಂದಿಟ್ಟುಕೊಳ್ಳುವುದು ಲೇಸು.

ಸೆಟ್‌ನಲ್ಲಿ ಇಲ್ಲದ್ದು ಸ್ಕ್ರೂಗಳಿಗೆ ಬೇಕಾದದ್ದು. ಟಿ20, ಟಿ25 ಟಾರ್ಕ್ಸ್ (ನಕ್ಷತ್ರದಾಕಾರದ ತುದಿಯ) ಬಿಟ್, 2ನೇ ನಂಬರ್ ಫಿಲಿಪ್ಸ್, 7, 8 ಮತ್ತು 10 ಮಿ.ಮೀ. ಸಾಕೆಟ್ ಇಷ್ಟನ್ನು ಬೇರೆಯಾಗಿ ಇಟ್ಟುಕೊಳ್ಳಿ. ಬಂಪರ್ ಮೂಲೆಯ ಸ್ಕ್ರೂ ತುಕ್ಕು ಹಿಡಿದಿದ್ದರೆ ಪೆನಿಟ್ರೇಟಿಂಗ್ ಆಯಿಲ್ ಹೊಡೆದು ಕಾಲು ಗಂಟೆ ಬಿಡಿ. ಅವಸರಪಟ್ಟರೆ ತಲೆ ಸವೆಯುತ್ತದೆ, ಅಥವಾ ಹಿಂದೆ ಸ್ಕ್ರೂ ಹಿಡಿದಿಡುವ, ಯು ಆಕಾರದ ತಗಡಿನ ಕ್ಲಿಪ್ ಕಿತ್ತುಕೊಂಡು ಸ್ಕ್ರೂ ಜೊತೆ ತಿರುಗುತ್ತದೆ.

ಜಾಕ್ ಒಂದನ್ನೇ ನಂಬಿ ಆರ್ಚ್ ಒಳಗೆ ತಲೆ ಹಾಕಬೇಡಿ. ಸಮತಟ್ಟು ನೆಲ, ಹ್ಯಾಂಡ್‌ಬ್ರೇಕ್, ಎದುರು ಚಕ್ರಕ್ಕೆ ಅಡ್ಡಗಲ್ಲು, ಜಾಕ್ ಸ್ಟ್ಯಾಂಡ್, ನಾಲ್ಕೂ ಬೇಕು. ಲೈನರ್ ಸಡಿಲವಾದ ಮೇಲೆ ಎಳೆಯುವ ಮುನ್ನ ಕೈಯಾಡಿಸಿ ನೋಡಿ: ಎಬಿಎಸ್ ಸೆನ್ಸರ್ ವೈರ್ ಅಥವಾ ಫಾಗ್ ಲ್ಯಾಂಪ್ ವೈರ್ ಕೆಲವು ಕಾರುಗಳಲ್ಲಿ ಲೈನರ್‌ಗೇ ಸಿಕ್ಕಿಸಿರುತ್ತದೆ. ವಾಷರ್ ಟ್ಯಾಂಕ್, ಹಿಂಬದಿಯಲ್ಲಾದರೆ ಪೆಟ್ರೋಲ್ ತುಂಬುವ ಕೊಳವೆ ಕೂಡ ಇಲ್ಲೇ ಇರುವುದುಂಟು.

ಮೂಲೆಯ ಮುದ್ದೆಯನ್ನು ಮೊದಲು ಕೈಯಿಂದ, ನೈಲಾನ್ ಪಟ್ಟಿಯಿಂದ ಕೆರೆದು ತೆಗೆಯಿರಿ. ನೇರವಾಗಿ ನೀರು ಹೊಡೆದರೆ ಆ ಮುದ್ದೆ ಸಿಲ್ ಒಳಕ್ಕೆ ಹೋಗಿ ಕೂರುತ್ತದೆ. ಪ್ರೆಶರ್ ವಾಷರ್ ಬಳಸುವುದಾದರೆ ಒಂದು ಅಡಿ ದೂರವಿರಲಿ. ವೈರ್ ಕನೆಕ್ಟರ್, ಡ್ರೈವ್‌ಶಾಫ್ಟ್‌ನ (ಚಕ್ರ ತಿರುಗಿಸುವ ದಂಡ) ರಬ್ಬರ್ ಬೂಟ್ ಇವುಗಳತ್ತ ತಿರುಗಿಸಬೇಡಿ. ಪ್ಲಾಸ್ಟಿಕ್ ಲೈನರ್‌ಗೆ ಶಾಂಪೂ, ಬ್ರಷ್ ಸಾಕು. ಬಟ್ಟೆಯಂತಿರುವ ಫೆಲ್ಟ್ ಲೈನರ್ ಆದರೆ ಹಿಂಡುವ ನೀರು ತಿಳಿಯಾಗುವವರೆಗೆ ತೊಳೆದು, ತೂಗುಹಾಕಿ ಪೂರ್ತಿ ಒಣಗಿಸಿ. ಅದಕ್ಕೆ ಹೊಳಪಿನ ಡ್ರೆಸ್ಸಿಂಗ್ ಹಚ್ಚಲೇಬೇಡಿ, ಧೂಳು ಹಿಡಿದು ಗಟ್ಟಿಯಾಗುತ್ತದೆ. ತುಕ್ಕು ಕಂಡಲ್ಲಿ ತಂತಿ ಬ್ರಷ್, ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರವ), ಪ್ರೈಮರ್. ಒಣಗಿದ ಮೇಲೆ ಸಂದುಗಳಿಗೆ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣದ ಸ್ಪ್ರೇ). ಬ್ರೇಕ್ ಡಿಸ್ಕ್ ಮೇಲೆ ಮೊದಲೇ ಪ್ಲಾಸ್ಟಿಕ್ ಚೀಲ ಹೊದಿಸಿ, ವ್ಯಾಕ್ಸಿನ ಒಂದು ಹನಿಯೂ ಅಲ್ಲಿ ಬೀಳಬಾರದು.

ಮತ್ತೆ ಕೂರಿಸುವಾಗ ಮೇಲಿನ ನಡು ತೂತಿನಿಂದ ಶುರುಮಾಡಿ, ಎಲ್ಲ ಕ್ಲಿಪ್ಪನ್ನೂ ಅರ್ಧಕ್ಕೆ ನಿಲ್ಲಿಸಿ, ಲೈನರ್‌ನ ಅಂಚು ಬಂಪರ್‌ಗೆ ಮೊದಲಿದ್ದ ಬದಿಯಲ್ಲೇ ಕೂತಿದೆಯೇ ನೋಡಿ, ಆಮೇಲೆ ಒತ್ತಿ. ಒಳಕ್ಕೆ ಒತ್ತುವ ಜಾತಿಯ ಪಿನ್ನನ್ನು ಹಿಂದಿನಿಂದ ತಳ್ಳಿ ತಲೆ ಹೊರಗೆ ನಿಲ್ಲುವಂತೆ ಮಾಡಿಕೊಂಡೇ ಹಾಕಬೇಕು. ಪ್ಲಾಸ್ಟಿಕ್‌ಗೆ ಕಚ್ಚುವ ಸ್ಕ್ರೂವನ್ನು ಮೊದಲು ಉಲ್ಟಾ ತಿರುಗಿಸಿ. ಹಳೆಯ ಗೆರೆಗೆ ಟಕ್ಕನೆ ಬಿದ್ದ ಮೇಲೆ ಬಿಗಿ ಮಾಡಿ. ಚಕ್ರ ಹಾಕಿದ ಮೇಲೆ ಸ್ಟೇರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಟೈರ್ ಎಲ್ಲಾದರೂ ಲೈನರ್‌ಗೆ ಉಜ್ಜುತ್ತದೆಯೇ ಎಂದು ಕಿವಿಗೊಟ್ಟು ಕೇಳಿ. ವೀಲ್ ನಟ್‌ಗಳನ್ನು ಕಾರಿನ ಕೈಪಿಡಿಯಲ್ಲಿ ಹೇಳಿದ ಟಾರ್ಕ್‌ಗೆ (ಬಿಗಿಯ ಅಳತೆ), ಎದುರುಬದುರಾಗಿ ಬಿಗಿ ಮಾಡಿ.