ಕೂಲಿ ಎಷ್ಟು ಅಂತ ಹೇಳದಿದ್ದರೆ ಈ ಹಾಳೆಯಲ್ಲಿ ಜಾಗ ಇಲ್ಲ

ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಹತ್ತಿರ ನಮ್ಮದೊಂದು ಸಣ್ಣ ನರ್ಸರಿ ಇದೆ. ಮಾವು, ಸಪೋಟ, ಅಡಿಕೆ ಸಸಿ ಮಾಡುತ್ತೇವೆ. ಮುಂಗಾರು ಹಿಡಿಯಿತು ಅಂದರೆ ಮಾವಿಗೆ ಕಸಿ ಕಟ್ಟುವ ಕೆಲಸ ಶುರು. ಕೈ ಪಳಗಿದವರು ಬೇಕು, ಅದೇ ಹೊತ್ತಿಗೆ ಎಲ್ಲರೂ ಬಿತ್ತನೆಗೆ ಹೋಗಿರುತ್ತಾರೆ. ಈಚೆಗೆ ನಮಗೆ ಒಳ್ಳೆಯ ಕೆಲಸಗಾರರು ಸಿಗುತ್ತಿರುವುದು ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಿಂದ ವಾರಕ್ಕೊಮ್ಮೆ ಬರುವ ಕೆಲಸದ ಜಾಹೀರಾತಿನ ಹಾಳೆಯಿಂದ. ಅದರ ಬಗ್ಗೆ ಯಾರೂ ಬರೆದದ್ದು ಕಾಣಲಿಲ್ಲ, ಅದಕ್ಕೇ ಇದು.

ಎ4 ಕಾಗದ, ಎರಡೂ ಕಡೆ ಅಚ್ಚು. ಶುಕ್ರವಾರ ಬರುತ್ತದೆ. ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಪಂಚಾಯ್ತಿಯ ಅರಿವು ಕೇಂದ್ರ (ಗ್ರಂಥಾಲಯ), ಹೀಗೆ ಜನ ಸಾಲು ನಿಲ್ಲುವ ಕಡೆಯೆಲ್ಲ ಅಂಟಿಸಿರುತ್ತಾರೆ. ಅದೇ ಹಾಳೆ ವಾಟ್ಸಾಪ್ ಚಾನೆಲ್‌ನಲ್ಲೂ ಬರುತ್ತದೆ. ಓದುವವರಿಗೆ ಪುಕ್ಕಟೆ, ಕೆಲಸ ಕೊಡುವವರಿಗೆ ಒಂದು ಜಾಹೀರಾತಿಗೆ 50 ರೂಪಾಯಿ. ನಡೆಸುವವರು ಒಬ್ಬರೇ, ಕೃಷಿ ಡಿಪ್ಲೊಮಾ ಓದಿದ ಹೆಣ್ಣುಮಗಳು. ಹೆಸರು ಹಾಕಬೇಡಿ ಅಂದಿದ್ದಾರೆ, ಅಕ್ಕ ಅಂತಲೇ ಬರೆಯುತ್ತೇನೆ.

ಹಾಳೆ ಯಾಕೆ ಚೆನ್ನಾಗಿದೆ ಅಂತ ನನಗೆ ಗೊತ್ತಾಗಿದ್ದು ಜಾಹೀರಾತು ಕೊಟ್ಟಾಗ. 'ಕಸಿ ಕಟ್ಟಲು ಜನ ಬೇಕು, ಸಂಪರ್ಕಿಸಿ' ಅಂತ ಒಂದು ಸಾಲು ಕಳಿಸಿ ದುಡ್ಡು ಹಾಕಿದ್ದೆ. ಮಧ್ಯಾಹ್ನ ಅಕ್ಕನ ಫೋನ್ ಬಂತು.

"ದಿನಗೂಲಿನಾ, ಗಿಡದ ಲೆಕ್ಕನಾ?"

ಗಿಡದ ಲೆಕ್ಕ ಅಂದೆ.

"ಕಟ್ಟಿದ ಗಿಡಕ್ಕಾ, ಚಿಗುರಿದ ಗಿಡಕ್ಕಾ?"

ಕಸಿ ಕೆಲಸ ಗೊತ್ತಿದ್ದವರು ಮಾತ್ರ ಕೇಳುವ ಪ್ರಶ್ನೆ ಇದು. ಒಳ್ಳೆ ತಳಿಯ ಕಡ್ಡಿಯನ್ನು ಸಸಿಗೆ ಕೂಡಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಿದ ಮೇಲೆ ಚಿಗುರು ಕಾಣೋಕೆ ಎರಡು ಮೂರು ವಾರ ಬೇಕು. ಎಲ್ಲ ಗಿಡವೂ ಹಿಡಿಯುವುದಿಲ್ಲ. ಕಡ್ಡಿ ಒಣಗಿದ್ದರೆ, ನೀರು ಜಾಸ್ತಿ ಬಿದ್ದರೆ, ಕಟ್ಟಿದವರ ತಪ್ಪಿಲ್ಲದೆಯೂ ಸಾಯುತ್ತವೆ. ಸತ್ತದ್ದಕ್ಕೆ ಕೂಲಿ ಹಿಡಿಯುವ ನರ್ಸರಿಗಳೂ ಇವೆ. ನಾವು ಕಟ್ಟಿದ್ದಕ್ಕೆಲ್ಲ ಕೊಡುತ್ತೇವೆ ಅಂದೆ. ಆಮೇಲೆ ಒಂದರ ಹಿಂದೆ ಒಂದು ಕೇಳಿದರು. ಗಂಡಸರಿಗೂ ಹೆಂಗಸರಿಗೂ ಒಂದೇ ರೇಟಾ? ಶೌಚಾಲಯ ಇದೆಯಾ? ಹೊಸಬರಿಗೆ ಕಲಿಸುತ್ತೀರಾ, ಕಲಿಯುವ ದಿನಗಳಿಗೆ ಏನು ಕೊಡುತ್ತೀರಾ? ದುಡ್ಡು ವಾರಕ್ಕಾ, ಕೆಲಸ ಮುಗಿದ ಮೇಲಾ?

ನನ್ನ ಒಂದು ಸಾಲು ಹಾಳೆಯಲ್ಲಿ ಆರು ಸಾಲಾಗಿ ಬಂತು. ಮೊದಲ ಸಾಲಿನಲ್ಲೇ ಕೂಲಿ. ಕೊನೆಯಲ್ಲಿ ಹೀಗಿತ್ತು: 'ಭರಮಸಾಗರದಿಂದ ನಡೆದರೆ ಅರ್ಧ ಗಂಟೆ. ಬೆಳಗ್ಗೆ ಸರ್ಕಾರಿ ಬಸ್ ಇಲ್ಲ, ಖಾಸಗಿ ಬಸ್ ಮಾತ್ರ.' ಫೋನ್ ಮಾಡಿದವರು ಯಾರೂ ರೇಟು ಕೇಳಲಿಲ್ಲ, ಎಷ್ಟು ಹೊತ್ತಿಗೆ ಬರಬೇಕು ಅಂತ ಕೇಳಿದರು. ಬಂದವರು ನಿಂತರು. ನರ್ಸರಿ ನಡೆಸುವವನಿಗೆ ಇದಕ್ಕಿಂತ ಇನ್ನೇನು ಬೇಕು!

ಆ ಬಸ್ಸಿನ ಸಾಲಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆದರೆ ಚಿತ್ರದುರ್ಗ, ದಾವಣಗೆರೆ ಕಡೆ ಎಷ್ಟೋ ಹಳ್ಳಿಗಳಿಗೆ ಇವತ್ತಿಗೂ ಖಾಸಗಿ ಬಸ್ಸೇ ಗತಿ. ಹೋಗಿಬರೋಕೆ ದಿನಾ ಐವತ್ತು ಅರವತ್ತು ರೂಪಾಯಿ ಕೊಟ್ಟರೆ ಕೂಲಿಯಲ್ಲಿ ಉಳಿಯುವುದೆಷ್ಟು? ದೊಡ್ಡ ದೊಡ್ಡ ಉದ್ಯೋಗ ಆ್ಯಪ್‌ಗಳಲ್ಲಿ ಸಂಬಳ, ಅನುಭವ, ವಿದ್ಯಾರ್ಹತೆ ಎಲ್ಲ ಇರುತ್ತದೆ, ಬೆಳಗ್ಗೆ ಏಳಕ್ಕೆ ಆ ಊರಿಗೆ ಬಸ್ ಇದೆಯಾ ಅನ್ನೋದು ಮಾತ್ರ ಇರುವುದಿಲ್ಲ. ಹಳ್ಳಿಯಲ್ಲಿ ಕೂತು ಹಾಳೆ ಮಾಡುವವರಿಗೇ ಅದು ಹೊಳೆಯುವುದು.

ಅಡಿಕೆ ಸುಲಿಯುವ ಕಾಲದಲ್ಲಂತೂ ಹಾಳೆ ಓದೋದೇ ಒಂದು ಪಾಠ. ಚನ್ನಗಿರಿ, ಹೊಳಲ್ಕೆರೆ ಕಡೆಯ ಚೇಣಿದಾರರು (ತೋಟದ ಫಸಲು ಗುತ್ತಿಗೆ ಹಿಡಿಯುವವರು) ಕೆಲವರು ಕೆಜಿ ಲೆಕ್ಕ ಹೇಳುತ್ತಾರೆ, ಕೆಲವರು ಡಬ್ಬದ ಲೆಕ್ಕ. ಅಕ್ಕ ಡಬ್ಬಕ್ಕೆ ಎಷ್ಟು ಕೆಜಿ ಹಿಡಿಯುತ್ತದೆ ಅಂತ ಕೇಳಿ ಅದನ್ನೂ ಅಚ್ಚು ಹಾಕುತ್ತಾರೆ. ಎರಡು ಮನೆಯ ರೇಟು ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಗಿಟ್ಟುತ್ತದೆ ಅಂತ ಯಾರಿಗಾದರೂ ತಿಳಿಯುತ್ತದೆ. ಇದರಿಂದ ಕೆಲವರಿಗೆ ಸಿಟ್ಟು ಬಂದಿದೆ, ಜಾಹೀರಾತು ನಿಲ್ಲಿಸಿದವರೂ ಇದ್ದಾರೆ. ಆದರೂ ಅಕ್ಕ ಬಿಟ್ಟಿಲ್ಲ.

ಮುಂಗಡ ಕೇಳುವ ಕೆಲಸ ಹಾಕುವುದೇ ಇಲ್ಲ. ನೋಂದಣಿ ಶುಲ್ಕ, ಯೂನಿಫಾರಂ ದುಡ್ಡು, ಟ್ರೈನಿಂಗ್ ಫೀ, ಯಾವ ಹೆಸರಲ್ಲಿ ಬಂದರೂ ಇಲ್ಲ. ನಮ್ಮ ಸಂಬಂಧಿಕರ ಹುಡುಗನೊಬ್ಬ ಫೋನಿನಲ್ಲಿ ಬಂದ ಇಂಥದೊಂದು ಕೆಲಸಕ್ಕೆ ಎರಡು ಸಾವಿರ ಕಳಿಸಿ ಕೂತಿದ್ದ. ಆ ನಂಬರ್ ಮತ್ತೆ ಹತ್ತಲೇ ಇಲ್ಲ.

ಸರ್ಕಾರಿ ಕೆಲಸಗಳ ಭಾಗವೂ ಉಪಯೋಗದ್ದೇ. ಅಂಗನವಾಡಿ, ಪಶುಸಖಿ (ಹಳ್ಳಿಯಲ್ಲಿ ದನ, ಕುರಿ ಸಾಕುವವರಿಗೆ ನೆರವಾಗುವ ಹೆಣ್ಣುಮಕ್ಕಳು), ಹಿರಿಯೂರಿನ ಬಬ್ಬೂರು ಕೃಷಿ ಫಾರಂನ ತಾತ್ಕಾಲಿಕ ಹುದ್ದೆ, ಜಗಳೂರಿನ ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮದ ಕಡೆ ಅರಣ್ಯ ಇಲಾಖೆಯ ಕೆಲಸ, ಹೀಗೆ. ಕಚೇರಿಗಳ ಪ್ರಕಟಣೆ ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿರುತ್ತದೆ, ಇಲ್ಲವೇ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಅದನ್ನು ಫೋನಿಗೆ ಅಂಟಿಸಿದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅಕ್ಕ ಎಲ್ಲವನ್ನೂ ಯಾವ ಫೋನಿನಲ್ಲಾದರೂ ಓದಲು ಬರುವ ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿ, ನಾಲ್ಕೈದು ಸಾಲಿಗೆ ಇಳಿಸುತ್ತಾರೆ. ಕೊನೆಯ ದಿನಾಂಕ ದಪ್ಪಕ್ಷರದಲ್ಲಿ ಮೇಲೆ. ಆಮೇಲೆ ಯಾವ ಕಾಗದ ಬೇಕು, ಅರ್ಜಿ ಆನ್‌ಲೈನಾ, ಕೈಯಲ್ಲಿ ಕೊಡೋದಾ.

ವಾಟ್ಸಾಪ್ ಬಗ್ಗೆ ಅಕ್ಕ ಹೇಳಿದ್ದು ಇಲ್ಲಿ ಹಾಕುತ್ತೇನೆ, ಇಂಥ ಹಾಳೆ ಶುರು ಮಾಡಬೇಕು ಅನ್ನುವವರಿಗೆ ಬೇಕಾಗುತ್ತದೆ. ಮೊದಲು ಗ್ರೂಪ್ ಇತ್ತು. ಅದರಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಗೊತ್ತಿಲ್ಲದವರಿಂದ ರಾತ್ರಿ ಹೊತ್ತು ಕರೆ ಬಂದು ಹೆಣ್ಣುಮಕ್ಕಳು ಬಿಟ್ಟು ಹೋದರು. ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಜನರ ಮಿತಿ, ಅದೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಚಾನೆಲ್ ಬಂದ ಮೇಲೆ ಆ ತಾಪತ್ರಯ ತಪ್ಪಿತು, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ.

ಕೊರತೆಗಳೂ ಇವೆ. ಅಕ್ಷರ ಬಹಳ ಸಣ್ಣದು, ನಮ್ಮ ತಂದೆ ವಯಸ್ಸಿನವರು ಡೇರಿ ಗೋಡೆಯ ಮೇಲೆ ಓದೋದು ಕಷ್ಟ. ತುಂಬಿಹೋದ ಕೆಲಸಕ್ಕೆ ಚಾನೆಲ್‌ನಲ್ಲಿ 'ಆಯ್ತು' ಅಂತ ಹಾಕುತ್ತಾರೆ, ಗೋಡೆಯ ಹಾಳೆಯಲ್ಲಿ ಅದು ಮುಂದಿನ ಶುಕ್ರವಾರದವರೆಗೂ ಹಾಗೇ ಇರುತ್ತದೆ. ನಾವು ಜನ ಸಿಕ್ಕ ಮೇಲೂ ವಾರವಿಡೀ ಬಂದವರನ್ನು ವಾಪಸ್ ಕಳಿಸಬೇಕಾಯಿತು, ಬಸ್ ಚಾರ್ಜು ಕೊಟ್ಟು ಬಂದವರನ್ನು ಹಾಗೆ ಕಳಿಸುವುದು ಬೇಸರದ ಕೆಲಸ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಕೆಲಸ ಕಡಿಮೆ. ಶೇಂಗಾ ಮಿಲ್ಲು, ಕಂಬಳಿ, ರೇಷ್ಮೆ ಮಗ್ಗ ಇರುವ ಸೀಮೆ ಅದು, ಅಲ್ಲಿಂದ ಬರೋ ಸುದ್ದಿ ಒಂದೆರಡು ಸಾಲು ಮಾತ್ರ. ಮತ್ತೆ, ಒಬ್ಬರೇ ಮಾಡುವ ಕೆಲಸ. ಅವರಿಗೆ ಜ್ವರ ಬಂದ ವಾರ ಹಾಳೆಯೂ ಇಲ್ಲ.

50 ರೂಪಾಯಿ ಕಡಿಮೆಯಾಯಿತು ಅಂತ ನನ್ನ ಅಭಿಪ್ರಾಯ. ಒಂದು ಜಾಹೀರಾತಿಗೆ ಅವರು ಕಳೆಯುವ ಹೊತ್ತು, ಫೋನು, ಜೆರಾಕ್ಸ್ ಖರ್ಚು ನೋಡಿದರೆ ನಮ್ಮಂಥವರು ನೂರಾದರೂ ಕೊಡಬೇಕು. ಒಂದಿಬ್ಬರನ್ನು ಜೊತೆಗೆ ಸೇರಿಸಿಕೊಳ್ಳುವಷ್ಟು ಗಿಟ್ಟಿದರೆ ಚಳ್ಳಕೆರೆ ಕಡೆಗೂ ಹಾಳೆ ಹೋಗಬಹುದು.

ಜಾಹೀರಾತು ಕೊಡುವವರು ಬುಧವಾರ ಮಧ್ಯಾಹ್ನದೊಳಗೆ ಕೊಡಿ. ಎರಡರಿಂದ ನಾಲ್ಕರವರೆಗೆ ಮಾತ್ರ ಫೋನ್ ತೆಗೆಯುತ್ತಾರೆ. ಕೂಲಿ, ಕೆಲಸದ ಹೊತ್ತು, ದುಡ್ಡು ಕೊಡುವ ದಿನ, ಬಸ್ಸು, ಇಷ್ಟನ್ನು ಮೊದಲೇ ಬರೆದಿಟ್ಟುಕೊಂಡು ಕರೆ ಮಾಡಿ. 'ಬಂದ ಮೇಲೆ ಮಾತಾಡೋಣ' ಅಂದರೆ ಹಾಕುವುದಿಲ್ಲ, ದುಡ್ಡು ಅವತ್ತೇ ವಾಪಸ್ ಬರುತ್ತದೆ.