ಮೊಟ್ಟೆ ಕೋಳಿಗೆ ಶೆಲ್ ಗ್ರಿಟ್: ಎರಡು ತಿಂಗಳು ಹಾಕಿ ನೋಡಿದೆ

ನಮ್ಮ ಹಿತ್ತಲಲ್ಲಿ ಸ್ವರ್ಣಧಾರಾ ತಳಿಯ 14 ಹೇಂಟೆಗಳಿವೆ. ಏಪ್ರಿಲ್‌ನಲ್ಲಿ ಮೊಟ್ಟೆ ತೆಗೆಯಲು ಹೋದರೆ ಚಿಪ್ಪು ತೆಳ್ಳಗೆ, ಮುಟ್ಟಿದರೆ ಬಿರುಕು, ಕೆಲವಕ್ಕಂತೂ ಬರೀ ಪೊರೆ. ಒಡೆದ ಮೊಟ್ಟೆಯನ್ನು ಕೋಳಿಗಳೇ ತಿನ್ನಲು ಶುರು ಮಾಡಿದವು, ಆ ಚಟ ಹತ್ತಿದರೆ ಬಿಡಿಸುವುದು ಬಹಳ ಕಷ್ಟ. ಲೇಯರ್ ಫೀಡ್ (ಮೊಟ್ಟೆ ಕೋಳಿಯ ಮೇವು) ಜೊತೆ ಕ್ಯಾಲ್ಸಿಯಂಗೆಂದು ಸುಣ್ಣದಕಲ್ಲಿನ ಪುಡಿಯನ್ನೂ ಬೆರೆಸುತ್ತಿದ್ದೆ, ಆದರೂ ಹೀಗಾಯ್ತಲ್ಲ ಅಂತ ಬೇಜಾರಾಗಿತ್ತು.

ಆಮೇಲೆ ತಂದದ್ದು ಈ ಗ್ರಿಟ್. ಕಡಲ ಚಿಪ್ಪನ್ನು ಒಡೆದು ಮಾಡಿದ್ದು, 5 ಕೆಜಿ ಚೀಲ. ನನಗೆ ಇಷ್ಟವಾದದ್ದು ತುಂಡಿನ ಗಾತ್ರ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಚಿಪ್ಪು ಕಟ್ಟಲು 20 ಗಂಟೆ ಹಿಡಿಯುತ್ತದೆ, ಅದರಲ್ಲಿ ಹೆಚ್ಚಿನ ಕೆಲಸ ನಡೆಯುವುದು ರಾತ್ರಿ, ಕೋಳಿ ಏನೂ ತಿನ್ನದೆ ಮಲಗಿರುವಾಗ. ನುಣ್ಣನೆ ಪುಡಿ ಅಷ್ಟೊತ್ತಿಗೆ ಹೊಟ್ಟೆ ದಾಟಿ ಹೋಗಿರುತ್ತದೆ. 2ರಿಂದ 4 ಮಿಮೀ ತುಂಡಾದರೆ ಕಾಳು ಅರೆಯುವ ಚೀಲದಲ್ಲೇ ನಿಂತು ರಾತ್ರಿಯಿಡೀ ನಿಧಾನವಾಗಿ ಕರಗುತ್ತದೆ. ಅದು ಸಾಲದಿದ್ದರೆ ಕೋಳಿ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆದು ಚಿಪ್ಪಿಗೆ ಹಾಕುತ್ತದೆ, ಪಾಪ.

ಫೀಡ್‌ಗೆ ಬೆರೆಸಬೇಡಿ. ಬೇರೆ ಬಟ್ಟಲಲ್ಲಿ ಸಂಜೆ 4ರ ಹೊತ್ತಿಗೆ ಇಡಿ. ಯಾವ ಕೋಳಿಗೆ ಬೇಕೋ ಅದು ಬಂದು ಕುಕ್ಕುತ್ತದೆ, ಬೇಡದ್ದು ತಿರುಗಿಯೂ ನೋಡುವುದಿಲ್ಲ, ನೋಡಿದರೆ ಆಶ್ಚರ್ಯ ಆಗುತ್ತದೆ. ಹತ್ತು ದಿನದಲ್ಲಿ ಪೊರೆ ಮೊಟ್ಟೆ ನಿಂತವು. ಈಗ ಪಾತ್ರೆ ಅಂಚಿಗೆ ತಟ್ಟಿದರೆ ಟಕ್ ಅಂತ ಗಟ್ಟಿ ಸದ್ದು. ಮಳೆ ಬಂದು ತಂಪಾದದ್ದೂ ಸಹಾಯ ಮಾಡಿರಬೇಕು, ಯಾಕಂದರೆ ಸೆಕೆಗೆ ಕೋಳಿ ಏದುಸಿರು ಬಿಟ್ಟರೂ ಚಿಪ್ಪು ತೆಳ್ಳಗಾಗುತ್ತದೆ.

ಚೀಲದ ಅಡಿಯಲ್ಲಿ ಅರ್ಧ ಕೆಜಿಯಷ್ಟು ಬರೀ ಧೂಳು ಇತ್ತು, ಅದು ಸರಿಯಲ್ಲ. ಕೆಲವು ತುಂಡುಗಳ ಅಂಚು ಚೂಪಾಗಿದ್ದವು, ಅವನ್ನು ಆರಿಸಿ ತೆಗೆದೆ. ಪ್ಯಾಕ್ ಮಾಡಿದ ದಿನಾಂಕವೂ ಇಲ್ಲ. ಇನ್ನೊಂದು, ಇದರಿಂದ ಸಿಗುವುದು ಕ್ಯಾಲ್ಸಿಯಂ ಮಾತ್ರ. ಅದು ಮೈಗೆ ಹತ್ತಲು ವಿಟಮಿನ್ ಡಿ3 ಬೇಕು, ಕರುಳಿನಿಂದ ಚಿಪ್ಪಿನವರೆಗೆ ಸಾಗಿಸಲು ಜೀವಕೋಶದೊಳಗಿನ ಶಕ್ತಿ ಕೇಂದ್ರವಾದ ಮೈಟೊಕಾಂಡ್ರಿಯಾ ಕೊಡುವ ಶಕ್ತಿ ಬೇಕು, ಆ ಶಕ್ತಿ ಬರುವುದು ಮೇವಿನಿಂದಲೇ. ಹಾಗಾಗಿ ಒಳ್ಳೆ ಫೀಡ್ ನಿಲ್ಲಿಸಿ ಇದೊಂದನ್ನೇ ನಂಬಬೇಡಿ.

ಇನ್ನೂ ಮೊಟ್ಟೆಗೆ ಬಾರದ ಮರಿಗಳಿದ್ದರೆ ಬಟ್ಟಲನ್ನು ಅವುಗಳಿಗೆ ಎಟುಕದ ಹಾಗೆ ಇಡಿ, ಕ್ಯಾಲ್ಸಿಯಂ ಜಾಸ್ತಿ ಆದರೆ ಅವುಗಳ ಮೂತ್ರಪಿಂಡ ಕೆಡುತ್ತದೆ. ನಾನು ಒಂದು ಇಟ್ಟಿಗೆ ಎತ್ತರದಲ್ಲಿ ಇಟ್ಟಿದ್ದೇನೆ.